ಖುಷಿಗೆ ಹಾರುವುದು ಸರಿಯೇ?

ಆಕಾಶದಲ್ಲೇ ದುಡಿದು ಅನ್ನ ತಿನ್ನುವ ಪೈಲಟ್‌ಗೆ ಆಕಾಶದಲ್ಲಿ ಇನ್ನೇನು ಬಾಕಿ ಇರುತ್ತದೆ? ನಮ್ಮಂಥವರು ಕೇಳುವ ಪ್ರಶ್ನೆ ಇದಲ್ಲ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಗಣಪತಿಯಲ್ಲಿರುವ ನಮಗೆ ವಿಮಾನ ಹೊಸದಲ್ಲ. ಪೀಳಮೇಡಿನ ವಿಮಾನ ನಿಲ್ದಾಣ ಕೆಲವೇ ಮೈಲಿ ದೂರ. ಅದರಾಚೆ ಸೂಲೂರಿನಲ್ಲಿ ವಾಯುಪಡೆಯ ನೆಲೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ತೇಜಸ್ ವಿಮಾನಗಳ 45ನೇ ಸ್ಕ್ವಾಡ್ರನ್ 2018ರಲ್ಲಿ ಅಲ್ಲಿಗೆ ಬಂತು. ತಲೆಯ ಮೇಲೆ ಸದ್ದಾದರೆ ನಮ್ಮ ಮಕ್ಕಳು ಈಗ ಕತ್ತೆತ್ತಿಯೂ ನೋಡುವುದಿಲ್ಲ. ಅಭ್ಯಾಸ ಅನ್ನುವುದೇ ಹಾಗೆ, ಬೆರಗನ್ನು ಮೆಲ್ಲಗೆ ತಿಂದುಬಿಡುತ್ತದೆ. ನೋಡುವ ನಮಗೇ ಹೀಗಾದರೆ ದಿನಾ ಹಾರುವವನ ಪಾಡೇನು?

2019ರ ಜುಲೈ ತಿಂಗಳಲ್ಲಿ ಒಂದು ಸುದ್ದಿ ಬಂತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ವಾಯುಪಡೆಯ ತರಬೇತಿ ಕಮಾಂಡಿಗೆ ಸೇರಿದ ವಿಂಗ್ ಕಮಾಂಡರ್ ತರುಣ್ ಚೌಧರಿ ಜೋಧಪುರದಲ್ಲಿ ಎಂಐ-17 ಹೆಲಿಕಾಪ್ಟರಿನಿಂದ ಸುಮಾರು 8500 ಅಡಿ ಎತ್ತರದಲ್ಲಿ ವಿಂಗ್‌ಸೂಟ್ ತೊಟ್ಟು ಹಾರಿದರು. ಕಾರ್ಗಿಲ್ ವಿಜಯಕ್ಕೆ 20 ವರ್ಷ ತುಂಬಿದ ನೆನಪಿಗೆ ಅದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಅವರು ಸ್ವತಃ ಎಂಐ-17 ಪೈಲಟ್. ಯಾವ ಯಂತ್ರದೊಳಗೆ ಕೂತು ಹಾರುವುದು ಅವರ ಕೆಲಸವೋ, ಅದೇ ಯಂತ್ರದ ಬಾಗಿಲಿನಿಂದ ಅವರು ಹೊರಗೆ ಹೆಜ್ಜೆ ಇಟ್ಟರು.

ವಿಂಗ್‌ಸೂಟ್ ಅಂದರೆ ಬಟ್ಟೆ, ಬೇರೇನೂ ಅಲ್ಲ. ತೋಳಿಗೂ ಪಕ್ಕೆಗೂ ನಡುವೆ, ಎರಡು ಕಾಲುಗಳ ನಡುವೆ ನೈಲಾನ್ ಬಟ್ಟೆ ಹೊಲಿದಿರುತ್ತಾರೆ. ಗಾಳಿ ಒಳಗೆ ನುಗ್ಗಿದರೆ ಅದು ಉಬ್ಬಿ ರೆಕ್ಕೆಯಾಗುತ್ತದೆ. ಸುಮ್ಮನೆ ಬೀಳುವ ಮನುಷ್ಯ ಗಂಟೆಗೆ 190 ಕಿಲೋಮೀಟರಿನಷ್ಟು ವೇಗದಲ್ಲಿ ನೆಲದ ಕಡೆ ಬರುತ್ತಾನೆ. ಈ ಬಟ್ಟೆ ತೊಟ್ಟವನು ಅದರ ಅರ್ಧ ವೇಗದಲ್ಲಿ ಇಳಿಯುತ್ತಾ, ಒಂದು ಮೀಟರ್ ಕೆಳಗೆ ಬರುವಷ್ಟರಲ್ಲಿ ಎರಡು ಎರಡೂವರೆ ಮೀಟರ್ ಮುಂದಕ್ಕೆ ಸಾಗುತ್ತಾನೆ. ಕೊನೆಗೆ ಪ್ಯಾರಾಚೂಟ್ ಬಿಚ್ಚಲೇಬೇಕು. 8500 ಅಡಿಯಿಂದ ಹೊರಟರೆ ರೆಕ್ಕೆಯ ಮೇಲೆ ಇರುವ ಹೊತ್ತು ಸುಮಾರು ಒಂದು ನಿಮಿಷ, ಅಷ್ಟೇ.

ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆ ಬಟ್ಟೆ. ಪ್ಯಾರಾಚೂಟಿಗೆ ಬಳಸುವ ಬಟ್ಟೆಯಲ್ಲಿ ಕೆಲವು ಮಿಲಿಮೀಟರಿಗೊಂದು ದಪ್ಪ ಎಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಸೇರಿಸಿ ಚೌಕ ಚೌಕವಾಗಿ ನೇಯ್ದಿರುತ್ತಾರೆ. ಎಲ್ಲೋ ಒಂದು ಕಡೆ ಹರಿದರೂ ಹರಕು ಆ ದಪ್ಪ ಎಳೆಗೆ ಬಂದು ನಿಲ್ಲುತ್ತದೆ. ಬೀಳುವವನ ಜೀವವನ್ನು ಒಬ್ಬ ನೇಕಾರ ಮೊದಲೇ ಲೆಕ್ಕ ಹಾಕಿ ಇಟ್ಟಿದ್ದಾನೆ ಅಂತಾಯ್ತು. ಈ ಮಾತಿಗೆ ಆಮೇಲೆ ಬರುತ್ತೇನೆ.

ಆ ಒಂದು ನಿಮಿಷದಲ್ಲಿ ಪೈಲಟ್‌ಗೆ ಸಿಗುವುದಾದರೂ ಏನು? ವಿಮಾನದಲ್ಲಿ ಅವನ ಕೈಗೂ ಗಾಳಿಗೂ ನಡುವೆ ಕೋಲು, ಕೀಲು, ತಂತಿ, ಈಗೀಗ ಕಂಪ್ಯೂಟರ್ ಇರುತ್ತವೆ. ಗಾಳಿ ಹೇಗಿದೆ ಅಂತ ಗಡಿಯಾರದಂಥ ಮುಳ್ಳುಗಳು ಹೇಳುತ್ತವೆ. ವಿಂಗ್‌ಸೂಟಿನಲ್ಲಿ ಹೆಗಲು ತುಸು ಬಾಗಿಸಿದರೆ ದಿಕ್ಕು ಬದಲಾಗುತ್ತದೆ. ಸ್ವಿಟ್ಜರ್‌ಲೆಂಡಿನ ಈವ್ ರೊಸ್ಸಿ ಯುದ್ಧ ವಿಮಾನ ಹಾರಿಸಿ, ಆಮೇಲೆ ಪ್ರಯಾಣಿಕರ ವಿಮಾನದ ಕ್ಯಾಪ್ಟನ್ ಆದವರು. ಅಷ್ಟಾದ ಮೇಲೂ ಬೆನ್ನಿಗೆ ಪುಟ್ಟ ಜೆಟ್ ಎಂಜಿನ್‌ಗಳ ರೆಕ್ಕೆ ಕಟ್ಟಿಕೊಂಡು, ಮೈಯನ್ನೇ ಬಾಗಿಸಿ ತಿರುಗಿಸುತ್ತಾ, 2008ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನಿಂದ ಇಂಗ್ಲೆಂಡಿಗೆ ಸಮುದ್ರ ದಾಟಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಸಾವಿರಾರು ಗಂಟೆ ಹಾರಿದವರಿಗೆ ಈ ನಿಮಿಷಗಳು ಬೇಕಾದವು. ಯಾಕೆ? ನೀರಿನ ಆಳ ಅಳೆಯುವುದು ಬೇರೆ, ಬಾವಿಗೆ ಧುಮುಕುವುದು ಬೇರೆ. ನಮ್ಮ ಕಡೆ ಬೇಸಿಗೆಯಲ್ಲಿ ತೋಟದ ಬಾವಿಗೆ ಕಟ್ಟೆಯಿಂದ ಹಾರಿದ ಯಾವ ಹುಡುಗನಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ಖುಷಿಯ ಕತೆಯಾಗುತ್ತಿತ್ತು. ಆದರೆ ಇದು ನಮ್ಮ ಮನೆಯೊಳಗೂ ಬಂತು. ನನ್ನ ಅಕ್ಕನ ಮಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು, ಸ್ಕೈಡೈವಿಂಗ್ ಕಲೀಬೇಕು ಅಂತ ಹಟ ಹಿಡಿದ. "ಮಾವ, ಅಮ್ಮನಿಗೆ ನೀವೇ ಒಂದು ಮಾತು ಹೇಳಿ" ಅಂದ. ಹೇಳೋಣ ಅಂತ ಹೋದರೆ ಅಕ್ಕ ಒಂದೇ ಮಾತಿನಲ್ಲಿ ನನ್ನ ಬಾಯಿ ಕಟ್ಟಿದಳು. "ಹೊಟ್ಟೆಪಾಡಿಗೆ ಅಂತ ಹಾರಿದ್ರೆ ನಾನು ತಡೀತಿರಲಿಲ್ಲ ಕಣೋ. ಖುಷಿಗೆ ಅಂತ ಹಾರಿ ಏನಾದ್ರೂ ಆದ್ರೆ ನಾನು ಯಾರ ಹತ್ರ ಹೋಗಿ ಅಳಲಿ?"

ಈ ಮಾತನ್ನು ಬಹಳ ದಿನ ಮನಸ್ಸಿನಲ್ಲಿ ತಿರುವಿ ನೋಡಿದ್ದೇನೆ. ನಮ್ಮ ಸುತ್ತ ಅಪಾಯಕ್ಕೇನು ಬರವಿಲ್ಲ. ಬಂಡೆ ಒಡೆದು ಬಾವಿ ತೋಡುವವರಿದ್ದಾರೆ, ಫೌಂಡ್ರಿಯಲ್ಲಿ ಕಾದ ಕಬ್ಬಿಣ ಸುರಿಯುವವರಿದ್ದಾರೆ, ತಾಳೆ ಮರ ಹತ್ತುವವರಿದ್ದಾರೆ. ಅವರಿಗೇನಾದರೂ ಆದರೆ "ಪಾಪ, ಮಕ್ಕಳಿಗಾಗಿ ದುಡೀತಿದ್ದ" ಅನ್ನುತ್ತೇವೆ. ಖುಷಿಗೆ ಹಾರಿದವನು ಬಿದ್ದರೆ "ಕೊಬ್ಬು" ಅನ್ನುತ್ತೇವೆ. ಬೀಳುವ ಮೈ ಒಂದೇ, ಅಳುವ ತಾಯಿಯೂ ಒಬ್ಬಳೇ. ಹಾಗಾದರೆ ಈ ವ್ಯತ್ಯಾಸ ನ್ಯಾಯವೇ?

ಒಂದು ಮಟ್ಟಿಗೆ ನ್ಯಾಯವೇ. ಬಾವಿ ತೋಡುವವನಿಗೆ ಬೇರೆ ದಾರಿ ಇಲ್ಲ, ಹಾರುವವನಿಗೆ ಇದೆ. ಆಯ್ಕೆ ಇದ್ದವನ ಮೇಲೆ ಜವಾಬ್ದಾರಿ ಹೆಚ್ಚು. ಆದರೆ ಅಕ್ಕನ ಮಾತನ್ನು ಕೊನೆಯವರೆಗೆ ಎಳೆದರೆ, ಅಪಾಯಕ್ಕೆ ಬೆಲೆ ಕಟ್ಟುವುದು ಕೂಲಿ ಮಾತ್ರ ಅಂತಾಗುತ್ತದೆ. ಹಣಕ್ಕಾಗಿ ಜೀವ ಒಡ್ಡಬಹುದು, ಆನಂದಕ್ಕಾಗಿ ಒಡ್ಡಬಾರದು ಅಂದರೆ ಹಣವನ್ನು ಆನಂದಕ್ಕಿಂತ ಮೇಲೆ ಕೂರಿಸಿದ ಹಾಗೆ. ಅಷ್ಟು ದೂರ ಹೋಗಲು ನನಗೆ ಮನಸ್ಸಿಲ್ಲ, ಅಕ್ಕನಿಗೂ ಇರಲಿಕ್ಕಿಲ್ಲ.

ಕೆಲವರು ಇದಕ್ಕೆ ಸುಲಭದ ಉತ್ತರ ಕೊಡುತ್ತಾರೆ. ಆಟದಿಂದಲೂ ಉಪಯೋಗ ಇದೆ ಅನ್ನುತ್ತಾರೆ. ಅದಕ್ಕೆ ಒಳ್ಳೆಯ ಸಾಕ್ಷಿಯೂ ಇದೆ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನಕ್ಕೆ 41,000 ಅಡಿ ಎತ್ತರದಲ್ಲಿ ಇಂಧನ ಮುಗಿದುಹೋಯಿತು. ಅಳತೆಯ ಲೆಕ್ಕದಲ್ಲಿ ಕಿಲೋ ಬದಲು ಪೌಂಡ್ ಬಂದು ಆದ ಎಡವಟ್ಟು ಅದು. ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಬಿಡುವಿನಲ್ಲಿ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸುತ್ತಿದ್ದವರು. ಗ್ಲೈಡರ್ ಪೈಲಟ್‌ಗಳ ಹಾಗೆ ಆ ದೊಡ್ಡ ವಿಮಾನವನ್ನು ಓರೆಯಾಗಿ ಜಾರಿಸಿ, ಗಿಮ್ಲಿ ಅನ್ನುವ ಊರಿನ ಹಳೆಯ ಓಡುದಾರಿಯ ಮೇಲೆ ಇಳಿಸಿದರು. ಒಳಗಿದ್ದ 69 ಜನರೂ ಉಳಿದರು.

ಕೇಳಲಿಕ್ಕೆ ಚೆನ್ನಾಗಿದೆ. ಆದರೂ ಈ ಉತ್ತರ ನನಗೆ ಸಾಲದು. ಮುಂದೊಂದು ದಿನ ಎಂಜಿನ್ ನಿಲ್ಲಬಹುದು ಅಂತ ಲೆಕ್ಕ ಹಾಕಿ ಯಾರೂ ಗ್ಲೈಡರ್ ಕಲಿಯುವುದಿಲ್ಲ. ಅದು ಹಿಡಿಸಿತು ಅಂತ ಕಲಿಯುತ್ತಾರೆ. ಉಪಯೋಗ ಹಿಂದಿನಿಂದ ಬಂತು, ಬರದೇ ಇರಲೂಬಹುದಿತ್ತು. ಹಾಡುವವನನ್ನು "ಇದರಿಂದ ಏನು ಪ್ರಯೋಜನ" ಅಂತ ನಾವು ಕೇಳುವುದಿಲ್ಲ. ಖುಷಿಗೆ ಪ್ರಯೋಜನದ ರಸೀದಿ ಬೇಕಿಲ್ಲ. ಬೇಕಾದದ್ದು ಬೇರೆ.

ಒಂದು, ವಿದ್ಯಾರ್ಥಿಯಾಗುವ ಮನಸ್ಸು. ಅಮೆರಿಕದ ಪ್ಯಾರಾಚೂಟ್ ಸಂಘದ ನಿಯಮದಂತೆ ವಿಂಗ್‌ಸೂಟ್ ಮುಟ್ಟುವ ಮೊದಲು ಕನಿಷ್ಠ 200 ಬಾರಿ ಸ್ಕೈಡೈವ್ ಮಾಡಿರಬೇಕು. ಇಪ್ಪತ್ತು ಸಾವಿರ ಗಂಟೆ ವಿಮಾನ ನಡೆಸಿದ ಕ್ಯಾಪ್ಟನ್‌ಗೂ ಈ ಲೆಕ್ಕದಲ್ಲಿ ರಿಯಾಯಿತಿ ಇಲ್ಲ. ತನಗಿಂತ ಚಿಕ್ಕ ವಯಸ್ಸಿನವನ ಮುಂದೆ ನಿಂತು "ಹೇಳಿಕೊಡಿ" ಅನ್ನಬೇಕು. ನನ್ನ ಪ್ರಕಾರ ಆ ಖುಷಿಯ ಬೇರು ಇಲ್ಲೇ ಇದೆ. ಬಲ್ಲವನಿಗೆ ಮತ್ತೆ ಏನೂ ತಿಳಿಯದವನಾಗುವ ಭಾಗ್ಯ ಸುಲಭಕ್ಕೆ ಸಿಗುವುದಿಲ್ಲ. ಹಾಗಂತ ಬಲ್ಲವನೇ ಬೀಳುವುದಿಲ್ಲ ಅಂತಲೂ ಇಲ್ಲ. ಈಗಿನ ವಿಂಗ್‌ಸೂಟಿಗೆ ರೂಪ ಕೊಟ್ಟವರಲ್ಲಿ ಮುಖ್ಯನಾದ ಫ್ರಾನ್ಸಿನ ಪ್ಯಾಟ್ರಿಕ್ ದ ಗಯಾರ್ಡನ್ 1998ರಲ್ಲಿ ಹವಾಯಿಯಲ್ಲಿ ತೀರಿಕೊಂಡ. ತನ್ನ ಪ್ಯಾರಾಚೂಟಿನ ಚೀಲಕ್ಕೆ ತಾನೇ ಮಾಡಿಕೊಂಡ ಬದಲಾವಣೆ ಅವನ ಜೀವ ತೆಗೆಯಿತು. ಅನುಭವ ದೊಡ್ಡದೇ. ಆದರೂ ಅದು ಗಾಳಿಗಿಂತ ದೊಡ್ಡದಲ್ಲ.

ಎರಡು, ಋಣದ ನೆನಪು. ಒಬ್ಬನೇ ಹಾರುತ್ತೇನೆ ಅನ್ನುವವನು ನಿಜವಾಗಿ ಒಬ್ಬನೇ ಅಲ್ಲ. ದಪ್ಪ ಎಳೆ ತಪ್ಪದೆ ನೇಯ್ದವರು, ಹೊಲಿಗೆ ಹಾಕಿದವರು, ಆಪತ್ತಿಗೆ ಅಂತ ಇಡುವ ಎರಡನೇ ಪ್ಯಾರಾಚೂಟನ್ನು ಮಡಿಸಿ ಕಟ್ಟಿದವರು, ಎಲ್ಲರೂ ಅವನ ಜೊತೆಗಿದ್ದಾರೆ. ಮನೆಯಲ್ಲಿ ಕಾಯುವವಳೂ ಅವರಲ್ಲಿ ಒಬ್ಬಳು. ಅವಳಿಗೆ ಹೇಳದೆ ಕದ್ದು ಹಾರಿದರೆ ಅದು ಸ್ವಾತಂತ್ರ್ಯ ಅಲ್ಲ, ಸಾಲ ಮುಚ್ಚಿಟ್ಟ ಹಾಗೆ.

ಮೂರು, ಗಾಳಿ ಸರಿಯಿಲ್ಲದ ದಿನ ಹಾರದೆ ವಾಪಸ್ ಬರುವ ಶಕ್ತಿ. ಕಟ್ಟಿದ ಹಣ ಹೋಗಲಿ, ನೋಡುವವರು ನಗಲಿ, ಇವತ್ತು ಬೇಡ ಅನ್ನಬಲ್ಲವನಿಗೆ ಮಾತ್ರ ಹಾರುವ ಹಕ್ಕಿದೆ. ಆಗದವನಿಗೆ ಅದು ಖುಷಿಯಲ್ಲ, ಚಟ.

ಈ ಮೂರನ್ನೂ ಅಕ್ಕನ ಮಗನಿಗೆ ಬರೆದು ಕಳಿಸಿದೆ. ಇವನ್ನು ಅಮ್ಮನ ಎದುರು ಕೂತು ನೀನೇ ಹೇಳು, ನಾನು ನಡುವೆ ಬರುವುದಿಲ್ಲ ಅಂತಲೂ ಬರೆದೆ. ಅವಳ ಹತ್ತಿರ ಒಪ್ಪಿಗೆ ಕೇಳುವ ಧೈರ್ಯ ಇಲ್ಲದವನಿಗೆ ಹೆಲಿಕಾಪ್ಟರಿನ ಬಾಗಿಲಲ್ಲಿ ನಿಲ್ಲುವ ಧೈರ್ಯ ಎಲ್ಲಿಂದ ಬಂದೀತು? ಓದುಗರು ಬೇರೆ ಥರ ಯೋಚಿಸಬಹುದು. ನಿಮ್ಮ ಮನೆಯಲ್ಲೂ ಇಂಥ ಹುಡುಗನೋ ಹುಡುಗಿಯೋ ಇದ್ದರೆ, ಬೇಡ ಅನ್ನುವ ಮೊದಲು ಒಮ್ಮೆ, ಹೂಂ ಅನ್ನುವ ಮೊದಲು ಎರಡು ಸಲ, ಈ ಮೂರನ್ನು ಕೇಳಿ ನೋಡಿ.