ಕುರ್ಚಿಯ ಹಿಂದೆ ನಿಂತವರು

ನಾನು ಬೆಂಗಳೂರಿಗೆ ಹೊರಟೆನೆಂದರೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎರಡು ಬಗೆಯ ಮಾತು ಏಳುತ್ತದೆ. ಕಿರಿಯ ಟೀಚರುಗಳು ಚಿಕ್ಕಪೇಟೆಯಿಂದ ಬ್ಲೌಸ್ ಪೀಸು, ಸೀರೆಯ ಫಾಲ್ಸು ತರಲು ಹೇಳುತ್ತಾರೆ. ನನ್ನ ವಯಸ್ಸಿನವರು ಮಾತ್ರ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಈ ಸಲ ತಿಂಡಿ ಎಲ್ಲಿ ಮೇಡಂ?" ಎಂದು ಕೇಳುತ್ತಾರೆ. ಐವತ್ತು ದಾಟಿದ ಹೆಂಗಸು ತನ್ನ ನಾಲಿಗೆಯ ಆಸೆಯನ್ನು ಗಟ್ಟಿಯಾಗಿ ಹೇಳಬಾರದೆಂದು ನಮಗೆ ಯಾರು ಕಲಿಸಿದರೋ ಕಾಣೆ. ಊರಿಗೆಲ್ಲ ಪಾಠ ಹೇಳುವ ನಾವೇ ಅದನ್ನು ಚೆನ್ನಾಗಿ ಕಲಿತಿದ್ದೇವೆ.

ದೊಡ್ಡ ಊರಿನಲ್ಲಿ ಒಳ್ಳೆಯ ಹಳೆಯ ಹೋಟೆಲನ್ನು ಪತ್ತೆ ಹಚ್ಚಲು ನನ್ನವೇ ಕೆಲವು ಗುರುತುಗಳಿವೆ. ತಿಂಡಿಗಳ ಪಟ್ಟಿ ಗೋಡೆಯ ಮೇಲಿನ ಒಂದು ಹಲಗೆಯಲ್ಲಿ ಮುಗಿಯಬೇಕು. ಮಧ್ಯಾಹ್ನ ಒಂದಿಷ್ಟು ಹೊತ್ತು ಬಾಗಿಲು ಹಾಕುವ, ವಾರಕ್ಕೊಂದು ದಿನ ರಜೆ ಕೊಡುವ ಹೋಟೆಲಾದರೆ ಇನ್ನೂ ಒಳ್ಳೆಯದು; ಅಡಿಗೆಯವರಿಗೆ ದಣಿವಾಗುತ್ತದೆ ಎಂಬುದು ಅಲ್ಲಿ ಯಾರಿಗೋ ಗೊತ್ತಿದೆ ಎಂದರ್ಥ. ಒಬ್ಬೊಬ್ಬರೇ ಬಂದು ಕೂರುವ ವಯಸ್ಸಾದವರಿರಬೇಕು; ಅವರು ಬಾಯಿ ತೆರೆಯುವ ಮೊದಲೇ ಸಪ್ಲೈಯರು ಅವರ ತಿಂಡಿ ತಂದಿಡಬೇಕು. ಆಟೋದವರನ್ನು "ಒಳ್ಳೆ ಹೋಟೆಲ್ ಎಲ್ಲಿದೆ?" ಎಂದು ಕೇಳಿದರೆ ಅವರು ನಮ್ಮ ಸೀರೆ ನೋಡಿ ಎ.ಸಿ. ಇರುವ ಕಡೆಗೆ ಕರೆದೊಯ್ಯುತ್ತಾರೆ. "ನೀವು ಬೆಳಿಗ್ಗೆ ಎಲ್ಲಿ ತಿಂತೀರಪ್ಪ?" ಎಂದು ಕೇಳಬೇಕು. ಆಗ ನಿಜವಾದ ಉತ್ತರ ಬರುತ್ತದೆ.

ಈ ಗುರುತುಗಳನ್ನು ಹಿಡಿದು ನಾನು ಎಷ್ಟೋ ಕಡೆ ತಿಂದಿದ್ದೇನೆ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಅನ್ನು ಕಂಡುಹಿಡಿಯಲು ಯಾರ ನೆರವೂ ಬೇಡ, ಈಗಂತೂ ಮೆಟ್ರೋ ಇಳಿದು ನಡೆದೇ ಹೋಗಬಹುದು. ಉಡುಪಿಯ ಕಡೆಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಅಡಿಗೆ ಕೆಲಸಕ್ಕೆ ಬಂದ ಮಯ್ಯ ಸಹೋದರರು 1924ರಲ್ಲಿ 'ಬ್ರಾಹ್ಮಿನ್ ಕಾಫಿ ಕ್ಲಬ್' ಎಂದು ಶುರುಮಾಡಿದ್ದು ಅದು. 1960ರಲ್ಲಿ ಈಗಿನ ಜಾಗಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ ಆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಹುಟ್ಟಿದ್ದು ತಮ್ಮಲ್ಲೇ ಎಂದು ಅವರು ಹೇಳಿಕೊಳ್ಳುತ್ತಾರೆ. 1975ರ ತುರ್ತುಪರಿಸ್ಥಿತಿಯಲ್ಲಿ ತಿಂಡಿಗಳನ್ನು ತೀರ ಕಡಿಮೆ ದರಕ್ಕೆ ಮಾರಬೇಕೆಂಬ ಕಟ್ಟುಪಾಡು ಬಂದಾಗ, ರುಚಿ ಕೆಡಿಸುವುದಕ್ಕಿಂತ ಬಾಗಿಲು ಹಾಕುವುದೇ ಲೇಸೆಂದು ಹೋಟೆಲನ್ನು ಮುಚ್ಚಿದರು. ನಮ್ಮ ಅಡಿಗೆಮನೆಗಳಿಗೆ ಬಂದ ಅವರ ಪುಡಿಗಳ, ಮಿಕ್ಸ್‌ಗಳ ವ್ಯಾಪಾರ ಬೆಳೆದದ್ದು ಆ ಇಕ್ಕಟ್ಟಿನಿಂದ.

ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದು. ಸುತ್ತಲಿನ ಶಾಲಾ ಹುಡುಗರಿಗಾಗಿ ಆರಂಭವಾದದ್ದರಿಂದ ಆ ಹೆಸರು. ಮೇಷ್ಟ್ರ ವೃತ್ತಿಯವಳಾದ ನನಗೆ ಅದರ ಮೇಲೆ ಕೊಂಚ ಹೆಚ್ಚಿನ ಮಮತೆ. ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವ ಸಪ್ಲೈಯರನ್ನು ನೋಡಿದಾಗಲೆಲ್ಲ, ಕಾಂಪೋಸಿಷನ್ ಪುಸ್ತಕಗಳ ರಾಶಿ ಹೊತ್ತ ನಾನೇ ನೆನಪಾಗುತ್ತೇನೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದು; ಕೂರಲು ಜಾಗವಿಲ್ಲ, ಸಾಂಬಾರಿಲ್ಲ, ಇಡ್ಲಿ ವಡೆಗೆ ಚಟ್ನಿಯೊಂದೇ. ಆ ಚಟ್ನಿಗಾಗಿ ಜನ ರಸ್ತೆಬದಿಯಲ್ಲಿ ತಟ್ಟೆ ಹಿಡಿದು ನಿಂತಿರುತ್ತಾರೆ.

ಇಷ್ಟೆಲ್ಲ ಹೇಳಿ ನಿಮ್ಮ ಬಾಯಲ್ಲಿ ನೀರು ತರಿಸುವುದು ನನ್ನ ಉದ್ದೇಶವಲ್ಲ. ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವುದು ಇಂಥ ಹೋಟೆಲುಗಳಲ್ಲಿ ನಡೆಯುವ ಇನ್ನೊಂದು ಸಂಗತಿ. ನೀವು ಕೂತು ತಿನ್ನುತ್ತಿರುತ್ತೀರಿ. ನಿಮ್ಮ ಕುರ್ಚಿಯ ಹಿಂದೆ ಯಾರೋ ಬಂದು ನಿಲ್ಲುತ್ತಾರೆ. ಅವರು ಏನೂ ಅನ್ನುವುದಿಲ್ಲ. ನಿಮ್ಮ ತಟ್ಟೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡುತ್ತಾರೆ, ಅಷ್ಟೆ. ಆಗ ನೀವೇನು ಮಾಡಬೇಕು? ನಿಮ್ಮ ಪಾಡಿಗೆ ನೀವು ನಿಧಾನವಾಗಿ ತಿನ್ನಬೇಕೆ, ಅಥವಾ ಬೇಗ ಮುಗಿಸಿ ಏಳಬೇಕೆ?

ಇದೂ ಒಂದು ಪ್ರಶ್ನೆಯೆ ಎಂದು ನೀವು ನಗಬಹುದು. 2011ರವರೆಗೆ ನಾನೂ ನಗುತ್ತಿದ್ದೆ.

ಆ ವರ್ಷ ಅಮ್ಮನ ಕಣ್ಣಿನ ಪೊರೆ ತೋರಿಸಲು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಅರಸೀಕೆರೆಯಿಂದ ಬೆಳಗಿನ ರೈಲು. ಡಾಕ್ಟರನ್ನು ಕಂಡು ಹೊರಬಂದಾಗ ಹತ್ತೂವರೆ. ಅಮ್ಮನಿಗೆ ಆಗ ಎಪ್ಪತ್ತಾರು. "ಏನಾದರೂ ತಿನ್ನೋಣವೇನಮ್ಮ?" ಎಂದರೆ, "ಬ್ಯಾಗಿನಲ್ಲಿ ಚಪಾತಿ ಇದೆಯಲ್ಲೆ" ಎಂದಳು. ನಾನು ಕೇಳದೆ ಬಸವನಗುಡಿಯ ಒಂದು ಹಳೆಯ ಹೋಟೆಲಿಗೆ ಕರೆದೊಯ್ದೆ.

ಅಮ್ಮನಿಗೆ ಹೋಟೆಲು ಹೊಸದಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪ ವರ್ಷಕ್ಕೊಮ್ಮೆಯೋ ಎರಡು ಸಲವೋ ನಮ್ಮನ್ನು ಕರೆದೊಯ್ಯುತ್ತಿದ್ದರು. ಆದರೆ ಹೆಂಗಸರು ಮಕ್ಕಳಿದ್ದರೆ ನೇರ ಫ್ಯಾಮಿಲಿ ರೂಮಿಗೆ. ಮರದ ತಡಿಕೆ, ಎಣ್ಣೆ ಜಿಡ್ಡಿನ ಪರದೆ, ಒಳಗೊಂದು ಮಂಕು ಬಲ್ಬು. ಪರದೆಯ ಸಂದಿಯಿಂದ ಒಂದು ಕೈ ಬಂದು ತಟ್ಟೆ ಇಟ್ಟು ಹೋಗುತ್ತಿತ್ತು. ಉಳಿದಂತೆ ಅಪ್ಪ ಬಾಳೆಲೆ, ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಮಸಾಲೆ ದೋಸೆ ತರುತ್ತಿದ್ದರು. ಮನೆ ಮುಟ್ಟುವ ಹೊತ್ತಿಗೆ ಅದು ಮೆತ್ತಗಾಗಿರುತ್ತಿತ್ತು. ಹೋಟೆಲಿನ ಹಾಲ್ ಎಂಬುದನ್ನು ಅಮ್ಮ ಹಾದುಹೋಗಿದ್ದಳೇ ಹೊರತು ಅಲ್ಲಿ ಎಂದೂ ಕೂತಿರಲಿಲ್ಲ.

ಅಂದು ಕೂತಳು. ನಾಲ್ಕು ಜನರ ಮೇಜಿನಲ್ಲಿ ಇಬ್ಬರು ಅಪರಿಚಿತರ ಎದುರಿಗೆ. ದೋಸೆ ಬಂತು. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು ಸುತ್ತ ನೋಡಿದಳು. ಗಲ್ಲದಲ್ಲಿ ಚಿಲ್ಲರೆ ಎಣಿಸುತ್ತಿದ್ದವರನ್ನು, ಒಂದೇ ಕೈಯಲ್ಲಿ ನಾಲ್ಕು ಲೋಟ ಹಿಡಿದು ಬರುತ್ತಿದ್ದ ಹುಡುಗನನ್ನು, ಒಬ್ಬಳೇ ಕೂತು ಪೇಪರು ಓದುತ್ತ ಉಪ್ಪಿಟ್ಟು ತಿನ್ನುತ್ತಿದ್ದ ಕಾಲೇಜು ಹುಡುಗಿಯನ್ನು ನೋಡಿದಳು. ಮತ್ತೊಂದು ಚೂರು. ಮತ್ತೆ ನೋಟ. ಪೊರೆ ಬಂದ ಕಣ್ಣಿಗೆ ಎಷ್ಟು ಕಾಣುತ್ತಿತ್ತೋ!

ಅಷ್ಟರಲ್ಲಿ ನಮ್ಮ ಬೆನ್ನ ಹಿಂದೆ ಗಂಡ ಹೆಂಡತಿ ಬಂದು ನಿಂತರು. ಸೊಂಟದ ಮೇಲೊಂದು ಮಗು, ಹಸಿವಿಗೆ ರಚ್ಚೆ ಹಿಡಿದಿತ್ತು. ಆಕೆ ಒಮ್ಮೆ ಲೊಚಗುಟ್ಟಿದಳು. ಅಮ್ಮನಿಗೆ ಅದು ಕೇಳಿಸಲಿಲ್ಲ, ನನಗೆ ಕೇಳಿಸಿತು. "ಬೇಗ ತಿನ್ನಮ್ಮ, ಜನ ಕಾಯ್ತಿದ್ದಾರೆ" ಎಂದೆ. ಅಮ್ಮ ಗಾಬರಿಯಿಂದ ಹಿಂದೆ ತಿರುಗಿ ನೋಡಿದಳು. ಆಮೇಲೆ ತಲೆ ಎತ್ತಲಿಲ್ಲ. ಉಳಿದ ದೋಸೆಯನ್ನು ನಾಲ್ಕೇ ತುತ್ತಿಗೆ ಮುಗಿಸಿದಳು. ಕಾಫಿ ಬಿಸಿಯಾಗಿತ್ತು. ಅರ್ಧ ಕುಡಿದು ಲೋಟ ಇಟ್ಟು, ಸೆರಗು ಹೊದ್ದು ಎದ್ದುಬಿಟ್ಟಳು.

ಸಂಜೆ ರೈಲಿನಲ್ಲಿ, ತಿಪಟೂರು ದಾಟಿದ ಮೇಲೆ, ಕಿಟಕಿಯ ಕಡೆ ನೋಡುತ್ತ ಅಂದಳು: "ಕಾಫಿ ಚೆನ್ನಾಗಿತ್ತು ಕಣೆ. ಇನ್ನೂ ಅರ್ಧ ಇತ್ತು."

ದೂರಿನ ದನಿಯಲ್ಲ ಅದು. ಅಮ್ಮ ದೂರುವ ಜಾತಿಯವಳಲ್ಲ. ಮುಂದೆ ಮಂಡಿನೋವು ಹೆಚ್ಚಾಗಿ ಅವಳು ಪ್ರಯಾಣ ಮಾಡಲಿಲ್ಲ, 2014ರಲ್ಲಿ ತೀರಿಕೊಂಡಳು. ಆ ಅರ್ಧ ಲೋಟ ಕಾಫಿ ನನ್ನಲ್ಲಿ ಉಳಿದುಬಿಟ್ಟಿದೆ.

ನಾನು ಮಾಡಿದ್ದು ತಪ್ಪೆ? ಎಷ್ಟೋ ಸಲ ನನ್ನ ಪರವಾಗಿ ನಾನೇ ವಾದಿಸಿದ್ದೇನೆ. ಹಸಿದ ಮಗುವೊಂದು ಅಳುತ್ತಿರುವಾಗ ಕೂತವರು ಬೇಗ ಏಳುವುದು ಧರ್ಮವಲ್ಲವೆ? ದುಡ್ಡು ಕೊಟ್ಟಿದ್ದೇವೆಂಬ ಮಾತ್ರಕ್ಕೆ ಕುರ್ಚಿ ನಮ್ಮದಾಗುವುದಿಲ್ಲ. ನಾವು ಕೊಟ್ಟಿದ್ದು ದೋಸೆಗೆ, ಕುರ್ಚಿ ಎಲ್ಲರದು. ನಾವು ಕೂರುವ ಮೊದಲು ಯಾರೋ ಎದ್ದು ನಮಗೆ ಜಾಗ ಕೊಟ್ಟಿದ್ದರು. ಹಾಗೆಯೇ ನಾವೂ ಕೊಡಬೇಕು. ಬಸ್ಸಿನ ಸೀಟು, ಕೆಲಸದ ಹುದ್ದೆ, ಕೊನೆಗೆ ಈ ಭೂಮಿಯ ಮೇಲಿನ ಜಾಗ ಎಲ್ಲದರ ನಿಯಮವೂ ಇದೇ ಅಲ್ಲವೆ? ಇನ್ನು ಕೆಲವೇ ವರ್ಷಕ್ಕೆ ನಾನು ನಿವೃತ್ತಳಾಗುತ್ತೇನೆ. ಬಿ.ಇಡಿ. ಮುಗಿಸಿ ಕಾದಿರುವ ಹುಡುಗಿಯೊಬ್ಬಳು ಈಗಲೇ ನನ್ನ ಕುರ್ಚಿಯ ಹಿಂದೆ ನಿಂತಿರಬಹುದು.

ವಾದ ಚೆನ್ನಾಗಿದೆ. ಆದರೆ ಅಂದು ನನ್ನ ಮನಸ್ಸಿನಲ್ಲಿ ಆ ಮಗು ಇರಲಿಲ್ಲ ಎಂಬುದು ನನಗೆ ಗೊತ್ತು. ಆ ಹೆಂಗಸಿನ ಲೊಚಗುಟ್ಟುವಿಕೆ ಮಾತ್ರ ಇತ್ತು. 'ಹಳ್ಳಿಯವರು, ಹೋಟೆಲಿನಲ್ಲಿ ಹೇಗೆ ಕೂರಬೇಕೆಂದು ತಿಳಿಯದವರು' ಎಂದು ಅವಳು ಅಂದುಕೊಂಡಾಳೆಂಬ ನಾಚಿಕೆ ಇತ್ತು. ಮಗುವಿನ ಮೇಲೆ ಕರುಣೆಯಿದ್ದಿದ್ದರೆ ನಾನೇ ಎದ್ದು ನನ್ನ ಕುರ್ಚಿ ಕೊಡಬಹುದಿತ್ತಲ್ಲ! ನನ್ನ ತಟ್ಟೆ ಆಗಲೇ ಖಾಲಿಯಾಗಿತ್ತು. ಆ ಯೋಚನೆಯೇ ಬರಲಿಲ್ಲ. ಬೇರೆಯವರ ಎದುರು ನನ್ನ ಮರ್ಯಾದೆ ಉಳಿಸಿಕೊಳ್ಳಲು ನನ್ನ ಅಮ್ಮನನ್ನು ಅವಸರಪಡಿಸಿದೆ. ಅದಕ್ಕೆ ಪರೋಪಕಾರದ ಹೆಸರು ಕೊಟ್ಟೆ. ನಾವು ಹೆಂಗಸರು ಇದನ್ನು ಎಷ್ಟು ಸಲ ಮಾಡುವುದಿಲ್ಲ? ನೆಂಟರ ಎದುರು ಮಕ್ಕಳನ್ನು ಗದರಿಸುವುದು, ಬೀಗರ ಎದುರು ಸೊಸೆಯನ್ನು ತಿದ್ದುವುದು, ಎಲ್ಲ ಅವರ ಒಳ್ಳೆಯದಕ್ಕೇ ಎಂದುಕೊಳ್ಳುತ್ತೇವೆ.

ಇನ್ನೊಂದು ಸಂಗತಿ ನನಗೆ ಆಮೇಲೆ ಹೊಳೆಯಿತು. ಅಮ್ಮ ಜೀವಮಾನವೆಲ್ಲ ಬೇರೆಯವರ ಊಟ ಮುಗಿಯುವುದನ್ನು ಕಾದವಳು. ಅಪ್ಪನದಾಗಬೇಕು, ಮೈದುನರದಾಗಬೇಕು, ಮಕ್ಕಳದಾಗಬೇಕು, ಕೊನೆಗೆ ತಳ ಹತ್ತಿದ ಸಾರಿನಲ್ಲಿ ಅವಳದು. ಅಷ್ಟು ವರ್ಷ ಅವಳು ನಿಂತು ಬಡಿಸಿದಳಲ್ಲ, ಯಾರಾದರೂ ಅವಳಿಗಾಗಿ ಬೇಗ ಎದ್ದರೆ? ಅವಳ ಸರದಿ ಬಂದದ್ದು ಎಪ್ಪತ್ತಾರನೆಯ ವಯಸ್ಸಿನಲ್ಲಿ, ಅಪರಿಚಿತರ ಮೇಜಿನಲ್ಲಿ, ಅರ್ಧ ಗಂಟೆಯ ಮಟ್ಟಿಗೆ. ಸಾಲಿನಲ್ಲಿ ಎಲ್ಲರೂ ಸಮ ಎನ್ನುವುದು ನ್ಯಾಯವೇ. ಆದರೆ ಎಲ್ಲರೂ ಒಂದೇ ಹೊತ್ತಿಗೆ ಸಾಲಿಗೆ ಬಂದು ನಿಂತವರಲ್ಲ.

ಹಳೆಯ ಹೋಟೆಲುಗಳನ್ನು ಹೊಗಳುವಾಗ ಇದನ್ನೂ ನೆನೆಯಬೇಕು. ಅಲ್ಲಿನ ರುಚಿ ದೊಡ್ಡದು, ನಿಜ. ಆದರೆ ಒಂದು ಕಾಲದಲ್ಲಿ ಎಷ್ಟೋ ಹೋಟೆಲುಗಳಲ್ಲಿ ಜಾತಿ ನೋಡಿ ಬೇರೆ ಬೇರೆ ಕೂರಿಸುತ್ತಿದ್ದರು. ಹೆಂಗಸರನ್ನು ಪರದೆಯ ಹಿಂದಿಡುತ್ತಿದ್ದರು. ಕುರ್ಚಿಯ ಹಿಂದೆ ನಿಲ್ಲುವ ಅವಕಾಶವೂ ಎಲ್ಲರಿಗೆ ಇರಲಿಲ್ಲ. 1980ರ ದಶಕದಲ್ಲಿ ಜಯನಗರದಿಂದ ಹಬ್ಬಿದ ದರ್ಶಿನಿಗಳನ್ನು ನಾವು ಮೂಗು ಮುರಿದು ನೋಡುತ್ತೇವೆ. ಆದರೆ ಕೂಪನ್ ಕೊಂಡು, ಕೂಲಿಯವರೂ ಸಾಹೇಬರೂ ಒಂದೇ ಕಟ್ಟೆಯ ಬಳಿ ನಿಂತು ತಿನ್ನುವ ಆ ಜಾಗಗಳಲ್ಲಿ ಪರದೆಯಿಲ್ಲ. ಕುರ್ಚಿಯೇ ಇಲ್ಲದ್ದರಿಂದ ಅದರ ಹಿಂದೆ ನಿಲ್ಲುವವರೂ ಇಲ್ಲ. ನನ್ನ ಪ್ರಶ್ನೆಯನ್ನು ಅವರು ಹಾಗೆ ಬಗೆಹರಿಸಿದರು. ಮಂಡಿನೋವಿನವರಿಗೆ ಮಾತ್ರ ಅದು ಉತ್ತರವಲ್ಲ.

ನಮ್ಮ ಮದುವೆಮನೆಗಳ ಪಂಕ್ತಿಯಲ್ಲಿ ಒಂದು ರಿವಾಜಿತ್ತು. ನಮ್ಮ ಊಟ ಮುಗಿದರೂ ಪಕ್ಕದ ಹಿರಿಯರದು ಮುಗಿಯುವವರೆಗೆ ಏಳುತ್ತಿರಲಿಲ್ಲ. ಹಲ್ಲಿಲ್ಲದ ಅಜ್ಜಿಯೊಬ್ಬಳು ಮೆಲ್ಲಗೆ ಮಜ್ಜಿಗೆ ಅನ್ನ ಕಲಸುತ್ತಿದ್ದರೆ ಇಡೀ ಸಾಲು ಒಣಗಿದ ಕೈಯಲ್ಲಿ ಕೂತಿರುತ್ತಿತ್ತು. ಎಲ್ಲರಿಗಿಂತ ನಿಧಾನವಾಗಿ ಉಣ್ಣುವವರೇ ಪಂಕ್ತಿಯ ವೇಗವನ್ನು ನಿರ್ಧರಿಸುತ್ತಿದ್ದರು. ಈಗ ಅಲ್ಲಿಯೂ ಕುರ್ಚಿಯ ಹಿಂದೆ ಜನ ಬಂದು ನಿಲ್ಲುತ್ತಾರೆ, ಪಾಯಸಕ್ಕೆ ಮುಂಚೆಯೇ.

ಹಾಗಾಗಿ ನಾನು ನನ್ನಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಊಟ ಮುಗಿದ ಮೇಲೆ ಹರಟುತ್ತ ಕೂರದಿರುವುದು ಕೂತವರ ಕರ್ತವ್ಯ. ತಟ್ಟೆ ನೋಡದಿರುವುದು ನಿಂತವರ ಕರ್ತವ್ಯ. ಬೇಗ ಏಳುವ ತ್ಯಾಗವನ್ನು ನಾವು ನಮ್ಮ ತಟ್ಟೆಯಿಂದ ಮಾಡಬಹುದು, ಇನ್ನೊಬ್ಬರ ತಟ್ಟೆಯಿಂದ ಮಾಡಿಸಬಾರದು.

ಹೋದ ಬೇಸಗೆಯಲ್ಲಿ ಮೌಲ್ಯಮಾಪನದ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಅದೇ ಬಸವನಗುಡಿಯ ಹೋಟೆಲಿಗೆ ಹೋಗಿದ್ದೆ. ಜನವೋ ಜನ. ನನಗೆ ಒದಗಿದ್ದು ಒಬ್ಬ ವೃದ್ಧರ ಕುರ್ಚಿಯ ಹಿಂದಿನ ಜಾಗ. ಅವರು ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಸಾವಕಾಶವಾಗಿ ಹೊಯ್ಯುತ್ತಿದ್ದರು. ನಾನು ಗೋಡೆಯ ಕಡೆ ಮುಖ ತಿರುಗಿಸಿ ನಿಂತೆ. ಆದರೂ ಅವರಿಗೆ ತಿಳಿಯಿತು. ತಿರುಗಿ ನೋಡಿ, ಕೈ ಚುರುಕು ಮಾಡಿದರು.

"ನಿಧಾನವಾಗಿ ಆಗಲಿ ಸಾರ್, ನನಗೇನೂ ಅವಸರವಿಲ್ಲ" ಎಂದೆ.

"ಆಯ್ತು, ಆಯ್ತಮ್ಮ, ಬನ್ನಿ" ಎನ್ನುತ್ತ ಅವರು ಎದ್ದೇಬಿಟ್ಟರು. ನಾನು ಮೊದಲು ನೋಡಿದ್ದು ಅವರ ಲೋಟವನ್ನು. ತಳದಲ್ಲಿ ಒಂದು ಗುಟುಕು ಉಳಿದಿತ್ತು.