ನೋಡಿ ನಕ್ಕವರ ಪಾಲು

ಕೇಡು ಮಾಡಿದವನೊಬ್ಬನೇ ಅಪರಾಧಿಯೇ? ಅದನ್ನು ನೋಡಿ ನಕ್ಕವನ, ಇನ್ನೊಬ್ಬರಿಗೆ ದಾಟಿಸಿದವನ ಪಾಲೇನು? ಮೊಬೈಲ್ ಫೋನ್ ಮಕ್ಕಳ ಕೈಸೇರಿರುವ ಈ ದಿನಗಳಲ್ಲಿ ಪ್ರತಿ ಕುಟುಂಬವೂ ಉತ್ತರಿಸಬೇಕಾದ ಪ್ರಶ್ನೆಯಿದು.

ಕೆನಡಾ ದೇಶದ ಅಮಾಂಡಾ ಟಾಡ್ ಎಂಬ ಬಾಲಕಿಯ ದುರಂತವನ್ನು ನೆನೆಯೋಣ. ಅಂತರ್ಜಾಲದ ಮೂಲಕ ಸಂಪರ್ಕಿಸಿದ ಅಪರಿಚಿತನೊಬ್ಬ ಆಕೆಯ ಚಿತ್ರವನ್ನು ಮುಂದಿಟ್ಟು ಬೆದರಿಸಿದ. ಆಕೆ ಮಣಿಯದಿದ್ದಾಗ ಅದನ್ನು ಪರಿಚಿತರಿಗೆಲ್ಲ ಹರಡಿದ. ಶಾಲೆ ಬದಲಾಯಿಸಿದರೂ ಅವಮಾನ ಬೆನ್ನುಬಿಡಲಿಲ್ಲ. ಸಹಪಾಠಿಗಳ ಕುಹಕ ನಿಲ್ಲಲಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ, ತನ್ನ ನೋವನ್ನು ಬರೆದ ಹಾಳೆಗಳನ್ನು ಒಂದೊಂದಾಗಿ ತೋರಿಸುವ ಮೌನ ವಿಡಿಯೋವೊಂದನ್ನು ಆಕೆ ಪ್ರಕಟಿಸಿದಳು. ಮರುತಿಂಗಳು, 15ರ ಹರೆಯದಲ್ಲೇ, ಆಕೆಯ ಬದುಕು ಕೊನೆಗೊಂಡಿತು.

ಹತ್ತು ವರ್ಷಗಳ ಬಳಿಕ, 2022ರಲ್ಲಿ, ನೆದರ್ಲೆಂಡ್ಸ್‌ನ ಆ ವ್ಯಕ್ತಿಗೆ ಕೆನಡಾದ ನ್ಯಾಯಾಲಯ 13 ವರ್ಷಗಳ ಸೆರೆವಾಸ ವಿಧಿಸಿತು. ಆದರೆ ನೋಡಿ ನಕ್ಕವರನ್ನು ಯಾವ ನ್ಯಾಯಾಲಯ ವಿಚಾರಿಸೀತು? ಕಾನೂನಿನ ಕೈ ನಿಲುಕದ ಆ ಎಡೆಯಲ್ಲೇ ಮನಸ್ಸಾಕ್ಷಿಯ ಶಿಕ್ಷಣ ಆರಂಭವಾಗಬೇಕು.

ಆಟದ ಬಯಲಲ್ಲಿ ಗೆಳೆಯನನ್ನು ಹಂಗಿಸಿದವನಿಗೆ ಆತನ ಬಾಡಿದ ಮುಖವೇ ಕಡಿವಾಣವಾಗಬಹುದು. ಫೋನಿನ ಪರದೆಯಲ್ಲಿ ಆ ಮುಖ ಕಾಣದು. ಒಂದು ಬೆರಳಿನ ಕೆಲಸ ತೀರಾ ಅಲ್ಪವೆನಿಸುತ್ತದೆ. ಆದರೆ ನೂರು ಬೆರಳುಗಳ ಭಾರವನ್ನು ಹೊರುವುದು ಒಂದೇ ಎಳೆಯ ಹೃದಯ. ಆದ್ದರಿಂದ ‘ನಾನು ಬರೆಯಲಿಲ್ಲ, ಕಳುಹಿಸಿದೆನಷ್ಟೇ’ ಎಂಬ ಸಮಜಾಯಿಷಿ ಸಲ್ಲದು.

ಬೈಗುಳದ ಭಯದಿಂದ, ಫೋನ್ ಕಸಿದುಕೊಂಡಾರೆಂಬ ಅಳುಕಿನಿಂದ ಎಷ್ಟೋ ಮಕ್ಕಳು ಮೌನವಾಗಿ ನರಳುತ್ತಾರೆ. ಹೆತ್ತವರು ಮೊದಲು ಅವರ ಮಾತನ್ನು ಪೂರ್ತಿಯಾಗಿ ಕೇಳಬೇಕು. ಸಂದೇಶಗಳನ್ನು ಸಾಕ್ಷ್ಯವಾಗಿ ಉಳಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ ನೆರವಿಗೆ 1098 ಮಕ್ಕಳ ಸಹಾಯವಾಣಿಯಿದೆ.

ಶಾಲೆಯೂ ‘ಇದು ನಮ್ಮ ಆವರಣದ ಹೊರಗೆ ನಡೆದದ್ದು’ ಎಂದು ಕೈತೊಳೆದುಕೊಳ್ಳಲಾಗದು. ಹಾಗೆಂದು ತಪ್ಪೆಸಗಿದ ವಿದ್ಯಾರ್ಥಿಯನ್ನು ಎಲ್ಲರೆದುರು ನಿಲ್ಲಿಸಿ ಹೀಯಾಳಿಸಿದರೆ, ಆತ ಮಾಡಿದ್ದನ್ನೇ ನಾವೂ ಮಾಡಿದಂತಾಗುತ್ತದೆ. ಆತನನ್ನು ಏಕಾಂತದಲ್ಲಿ ಕರೆದು, ನೊಂದವರ ಸಂಕಟವನ್ನು ಮನಗಾಣಿಸಿ, ಕ್ಷಮೆ ಕೇಳುವ ಹಾದಿಗೆ ತರುವುದೇ ನಿಜವಾದ ಶಿಸ್ತು.

ಹತ್ತು ಮಂದಿ ನಗುವಾಗ ‘ಇದು ಸರಿಯಲ್ಲ’ ಎನ್ನುವ, ನೊಂದವರಿಗೆ ‘ನಾನಿದ್ದೇನೆ’ ಎನ್ನುವ ಧೈರ್ಯವನ್ನು ಮಕ್ಕಳಲ್ಲಿ ಬೆಳೆಸೋಣ. ಅದು ಉಪದೇಶದಿಂದಷ್ಟೇ ಬಾರದು. ರಾತ್ರಿಯ ಊಟದ ವೇಳೆ ನೆರೆಹೊರೆಯವರ ಬಗ್ಗೆ ಹಿರಿಯರು ಆಡುವ ಮಾತುಗಳನ್ನು ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ.