ಸುಮ್ಮನಿದ್ದವರ ಪಾಲು

ತಪಸ್ಸುಕಾಲದ ಐದನೆಯ ವಾರದ ಸೋಮವಾರ ಬಲಿಪೂಜೆಯಲ್ಲಿ ಸುಸನ್ನಳ ಕಥೆಯನ್ನು ಓದುತ್ತಾರೆ. ವಾರದ ದಿನವಾದ್ದರಿಂದ ದೇವಾಲಯದಲ್ಲಿ ಜನ ಕಡಿಮೆ. ವಾಚನ ಬಹಳ ಉದ್ದವಾದ್ದರಿಂದ ಅದನ್ನು ಮೊಟಕುಗೊಳಿಸಿ ಓದುವುದೂ ಉಂಟು. ಹಾಗಾಗಿ ದಾನಿಯೇಲನ ಗ್ರಂಥದ ಹದಿಮೂರನೆಯ ಅಧ್ಯಾಯ ನಮ್ಮಲ್ಲಿ ಅನೇಕರಿಗೆ ಅರ್ಧಂಬರ್ಧ ಮಾತ್ರ ಗೊತ್ತು.

ಬಾಬಿಲೋನಿನಲ್ಲಿ ಯೋವಾಕೀಮನೆಂಬ ಶ್ರೀಮಂತನ ಮನೆಯಲ್ಲಿ ನ್ಯಾಯತೀರ್ಮಾನಕ್ಕೆ ಜನ ಸೇರುತ್ತಿದ್ದರು. ಆ ವರ್ಷ ನ್ಯಾಯಾಧಿಪತಿಗಳಾಗಿ ನೇಮಕಗೊಂಡ ಇಬ್ಬರು ಹಿರಿಯರು ಅವನ ಪತ್ನಿ ಸುಸನ್ನಳ ಮೇಲೆ ಕಣ್ಣು ಹಾಕಿದರು. ಒಂದು ದಿನ ಆಕೆ ತೋಟದಲ್ಲಿ ಒಬ್ಬಳೇ ಇದ್ದಾಗ ಅಡ್ಡ ಬಂದು, ನಮ್ಮ ಮಾತಿಗೆ ಒಪ್ಪದಿದ್ದರೆ ಯಾವನೋ ಯುವಕನೊಂದಿಗೆ ನಿನ್ನನ್ನು ಕಂಡೆವೆಂದು ಸಾಕ್ಷಿ ಹೇಳುತ್ತೇವೆ ಎಂದು ಬೆದರಿಸಿದರು. ಆಕೆ ಒಪ್ಪದೆ ಗಟ್ಟಿಯಾಗಿ ಕೂಗಿಕೊಂಡಳು. ಮಾರನೆಯ ದಿನ ಸಭೆ ಸೇರಿತು. ಹಿರಿಯರು ಸುಳ್ಳು ಹೇಳಿದರು, ಸಭೆ ನಂಬಿತು, ಮರಣದಂಡನೆಯನ್ನೂ ವಿಧಿಸಿಬಿಟ್ಟಿತು.

ಮುಂದೆ ದಾನಿಯೇಲನೆಂಬ ಹುಡುಗ ಆ ಇಬ್ಬರನ್ನು ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳಿ, ಅವರ ಸುಳ್ಳನ್ನು ಬಯಲಿಗೆಳೆದ ಭಾಗ ಎಲ್ಲರಿಗೂ ಇಷ್ಟ. ಧರ್ಮೋಪದೇಶದ ತರಗತಿಯ ಮಕ್ಕಳೂ ಅದನ್ನೇ ಹೇಳುತ್ತಾರೆ. ಆದರೆ ಈ ಅಧ್ಯಾಯದಲ್ಲಿ ಇನ್ನೆರಡು ಸಂಗತಿಗಳಿವೆ. ಮೊದಲನೆಯದು, ಸಭೆ ಏಕೆ ನಂಬಿತು ಎಂಬುದಕ್ಕೆ ಗ್ರಂಥವೇ ಕೊಡುವ ಕಾರಣ: ಹೇಳಿದವರು ಹಿರಿಯರು ಮತ್ತು ನ್ಯಾಯಾಧಿಪತಿಗಳು. ಅವರ ಮಾತನ್ನು ಯಾರೂ ಪರೀಕ್ಷಿಸಲಿಲ್ಲ, ಅವರ ಸ್ಥಾನವೇ ಸಾಕ್ಷಿಯಾಯಿತು. ಎರಡನೆಯದು, ವಿಚಾರಣೆಯ ನಡುವೆ ದಾನಿಯೇಲನು ಆ ಹಿರಿಯರಲ್ಲೊಬ್ಬನಿಗೆ ಹೇಳುವ ಮಾತು. ನೀವು ಇಸ್ರಯೇಲಿನ ಹೆಣ್ಣುಮಕ್ಕಳೊಂದಿಗೆ ಹೀಗೆಯೇ ನಡೆದುಕೊಳ್ಳುತ್ತಾ ಬಂದಿರಿ, ಅವರು ಭಯದಿಂದ ನಿಮಗೆ ಮಣಿದರು ಎಂಬ ಅರ್ಥದ ಮಾತದು. ಅಂದರೆ ಸುಸನ್ನಳಿಗಿಂತ ಮೊದಲೂ ಹೆಂಗಸರಿದ್ದರು. ಅವರ ಹೆಸರಿಲ್ಲ, ಅವರಿಗಾಗಿ ಸಭೆ ಸೇರಿದ ಸುದ್ದಿಯೂ ಇಲ್ಲ. ಅಷ್ಟು ಕಾಲ ಆ ಊರಿನವರಿಗೆ ಏನೂ ಗೊತ್ತಿರಲಿಲ್ಲವೇ?

ಪ್ರಿಯ ಓದುಗರೇ, ಕೆಲಸದ ಸ್ಥಳಗಳಲ್ಲಿ ಮಹಿಳೆಯರಿಗಾಗುವ ಲೈಂಗಿಕ ಕಿರುಕುಳದ ಬಗ್ಗೆ ಯೋಚಿಸುವಾಗ ನನ್ನನ್ನು ಕಾಡುವ ಪ್ರಶ್ನೆ ಇದೇ. ಕೆಟ್ಟ ಕೆಲಸ ಮಾಡಿದವನ ಪಾಪದ ಬಗ್ಗೆ ವಾದವಿಲ್ಲ. ನೋಡಿದವರು, ಕೇಳಿದವರು, ಆತನ ದ್ವಂದ್ವಾರ್ಥದ ಮಾತಿಗೆ ನಕ್ಕವರು, ಹೊಸದಾಗಿ ಸೇರಿದ ಹುಡುಗಿಗೆ 'ಆ ಸಾಹೇಬರ ಕೋಣೆಗೆ ಒಬ್ಬಳೇ ಹೋಗಬೇಡ ಕಣಮ್ಮಾ' ಎಂದು ಕಿವಿಯಲ್ಲಿ ಹೇಳಿ ಅಷ್ಟಕ್ಕೇ ಬಿಟ್ಟವರು, ಇವರ ಪಾಲು ಎಷ್ಟು?

ನಮ್ಮ ಧರ್ಮಬೋಧನೆ ಇಲ್ಲಿ ಅಸ್ಪಷ್ಟವಾಗಿಲ್ಲ. ಬಲಿಪೂಜೆಯ ಆರಂಭದಲ್ಲಿ ನಾವು ಆಲೋಚನೆ, ಮಾತು, ಕ್ರಿಯೆಗಳ ಪಾಪವನ್ನಷ್ಟೇ ಅಲ್ಲ, ಮಾಡಬೇಕಾದುದನ್ನು ಮಾಡದೆ ಬಿಟ್ಟ ಪಾಪವನ್ನೂ ಒಪ್ಪಿಕೊಳ್ಳುತ್ತೇವೆ. 1992ರಲ್ಲಿ ಪ್ರಕಟವಾದ ಕಥೋಲಿಕ ಶ್ರೀಸಭೆಯ ಧರ್ಮೋಪದೇಶ ಗ್ರಂಥವು ಇನ್ನೊಬ್ಬರ ಪಾಪದಲ್ಲಿ ನಾವು ಪಾಲುದಾರರಾಗುವ ಬಗೆಗಳನ್ನು ಎಣಿಸುತ್ತದೆ. ನೇರವಾಗಿ ಭಾಗವಹಿಸುವುದು, ಆಜ್ಞೆ ಅಥವಾ ಸಲಹೆ ಕೊಡುವುದು, ಹೊಗಳುವುದು ಒಂದು ಕಡೆಯಾದರೆ, ತಿಳಿಸುವ ಅಥವಾ ತಡೆಯುವ ಹೊಣೆ ಇದ್ದಾಗಲೂ ಹಾಗೆ ಮಾಡದಿರುವುದು, ಕೆಟ್ಟದ್ದನ್ನು ಮಾಡಿದವರನ್ನು ಕಾಪಾಡುವುದು ಇನ್ನೊಂದು ಕಡೆ. ಹೀಗೆ ಒಬ್ಬೊಬ್ಬರ ಪಾಪ ಸೇರಿ ಸಮಾಜದಲ್ಲಿ ಪಾಪದ ವ್ಯವಸ್ಥೆಗಳೇ ಬೆಳೆಯುತ್ತವೆ ಎಂದೂ ಅದು ಹೇಳುತ್ತದೆ.

ಆದರೆ ಇಷ್ಟು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಒಂದು ಗಾರ್ಮೆಂಟ್ಸ್ ಕಾರ್ಖಾನೆಯನ್ನು ನೆನೆಯಿರಿ. ಹೊಲಿಗೆ ಯಂತ್ರದ ಮುಂದೆ ಕುಳಿತವರು ಹೆಚ್ಚಾಗಿ ಹೆಂಗಸರು, ಅವರ ಬೆನ್ನ ಹಿಂದೆ ನಿಂತ ಸೂಪರ್‌ವೈಸರ್ ಹೆಚ್ಚಾಗಿ ಗಂಡಸು. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಅವನ ತಲೆಯ ಮೇಲೂ ಇದೆ. ರಜೆ, ಓಟಿ, ಶೌಚಾಲಯಕ್ಕೆ ಹೋಗಿಬರುವ ಐದು ನಿಮಿಷ, ಎಲ್ಲ ಅವನ ಕೈಯಲ್ಲಿ. ಮನೆ ಬಾಡಿಗೆ, ಮಕ್ಕಳ ಫೀಸು, ಸ್ವಸಹಾಯ ಸಂಘದ ಸಾಲದ ಕಂತು ಹೊತ್ತ ಹೆಂಗಸಿಗೆ 'ನೀನು ಪಕ್ಕದ ಯಂತ್ರದವಳ ಪರವಾಗಿ ಏಕೆ ಎದ್ದು ನಿಲ್ಲಲಿಲ್ಲ' ಎಂದು ಕೇಳುವ ಹಕ್ಕು ನನಗಂತೂ ಇಲ್ಲ. ಹೊಣೆ ಇರುವುದು ಶಕ್ತಿ ಇದ್ದಷ್ಟು. ಆದ್ದರಿಂದ ಅವಳ ಮೌನವನ್ನು ತೂಗುವ ಮೊದಲು, ಆ ಮೌನ ಯಾರಿಗೆ ಅನುಕೂಲವಾಗಿದೆ, ಅದನ್ನು ಮುರಿಯುವ ಅಧಿಕಾರ ಯಾರ ಬಳಿ ಇದೆ ಎಂದು ಕೇಳಬೇಕು.

ಇದಕ್ಕೆ ನೆರೆಯ ತಮಿಳುನಾಡಿನಲ್ಲಿ ಒಂದು ದಾರುಣ ಉದಾಹರಣೆಯಿದೆ. ದಿಂಡಿಗಲ್ ಜಿಲ್ಲೆಯ ನಾಚಿ ಅಪೇರಲ್ ಎಂಬ ಸಿದ್ಧ ಉಡುಪು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ 20 ವರ್ಷದ ದಲಿತ ಯುವತಿಯೊಬ್ಬಳು 2021ರ ಜನವರಿಯಲ್ಲಿ ಕೊಲೆಯಾದಳು. ಸೂಪರ್‌ವೈಸರ್ ಒಬ್ಬ ಆಕೆಗೆ ತಿಂಗಳುಗಟ್ಟಲೆ ಕಿರುಕುಳ ಕೊಡುತ್ತಿದ್ದನೆಂದು ಮನೆಯವರೂ ಸಹೋದ್ಯೋಗಿಗಳೂ ಹೇಳಿದರು. ಕೊಲೆಯ ಆರೋಪ ಬಂದದ್ದೂ ಆತನ ಮೇಲೆಯೇ. ಕಾನೂನು ಆಗಲೇ ಇತ್ತು. ರಾಜಸ್ಥಾನದ ಭಟೇರಿ ಗ್ರಾಮದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಸರ್ಕಾರಿ ಕಾರ್ಯಕರ್ತೆಯ ಮೇಲೆ 1992ರಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ವಿಶಾಖಾ ತೀರ್ಪು ಬಂತು, 2013ರಲ್ಲಿ ಅದು ಕಾಯ್ದೆಯಾಯಿತು. ಹತ್ತು ಅಥವಾ ಹೆಚ್ಚು ನೌಕರರಿರುವ ಪ್ರತಿಯೊಂದು ಕಡೆ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಬೇಕು, ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿರಬೇಕು, ಹೊರಗಿನ ಒಬ್ಬ ಸದಸ್ಯರೂ ಇರಬೇಕು. ಇಷ್ಟೆಲ್ಲ ಇದ್ದೂ ಆ ಹುಡುಗಿ ಉಳಿಯಲಿಲ್ಲ. ಕಾಯ್ದೆ ಗೋಡೆಯ ಮೇಲಿರುತ್ತದೆ. ದಿನದ ಎಂಟು ಗಂಟೆ ನಡೆಯುವುದು ಅಲ್ಲಿನ ರೂಢಿ.

ನಂತರ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಹಿಳೆಯರೇ ಮುನ್ನಡೆಸುವ ತಮಿಳುನಾಡು ಜವಳಿ ಕಾರ್ಮಿಕರ ಒಂದು ಸಂಘ, ಅದಕ್ಕೆ ಬೆಂಬಲವಾಗಿ ನಿಂತ ಏಷ್ಯಾದ ಮತ್ತು ಅಮೆರಿಕದ ಕಾರ್ಮಿಕ ಸಂಘಟನೆಗಳು, ಕಾರ್ಖಾನೆಯ ಮಾಲೀಕರಾದ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಸೇರಿ 2022ರ ಏಪ್ರಿಲ್‌ನಲ್ಲಿ ದಿಂಡಿಗಲ್ ಒಪ್ಪಂದಕ್ಕೆ ಸಹಿ ಹಾಕಿದರು. ಬಟ್ಟೆ ಕೊಳ್ಳುವ ಎಚ್ ಅಂಡ್ ಎಂ, ಗ್ಯಾಪ್, ಪಿವಿಎಚ್ ಕಂಪನಿಗಳೂ ಬದ್ಧರಾದವು. ಸುಮಾರು 25 ಕಾರ್ಮಿಕರಿಗೆ ಒಬ್ಬರಂತೆ, ಅವರ ನಡುವೆಯೇ ಹೊಲಿಯುವ ಹೆಂಗಸರನ್ನು ಸಂಘವೇ ಆರಿಸಿ ತರಬೇತಿ ಕೊಟ್ಟು ನಿಗಾ ಇಡುವವರನ್ನಾಗಿ ನೇಮಿಸಿತು. ಏನನ್ನು ಕಿರುಕುಳ ಎನ್ನುತ್ತಾರೆ, ಕಂಡಾಗ ಏನು ಮಾಡಬೇಕು ಎಂಬ ಪಾಠ ಕಾರ್ಮಿಕರಿಗೂ ಮೇಲಿನವರಿಗೂ ನಡೆಯಿತು. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವಂತಿಲ್ಲ. ಕಾರ್ಖಾನೆ ಮಾತು ತಪ್ಪಿದರೆ ಕೊಳ್ಳುವ ಕಂಪನಿಗಳ ವ್ಯಾಪಾರಕ್ಕೇ ಕುತ್ತು. ಮೊದಲ ವರ್ಷವೇ ನೂರಕ್ಕೂ ಹೆಚ್ಚು ದೂರುಗಳು ಬಂದು, ಬಹುತೇಕ ಇತ್ಯರ್ಥವಾದವು.

ಇಲ್ಲಿ ಯಾರನ್ನೂ ವೀರಸಂತರಾಗಿರಿ ಎಂದು ಕೇಳಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಪಕ್ಕದ ಯಂತ್ರದ ಅಕ್ಕನಿಗೆ ಹೇಳುವುದು ಸಾಮಾನ್ಯ ಸಂಗತಿಯಾಗುವಂತೆ ವ್ಯವಸ್ಥೆಯನ್ನು ಬದಲಿಸಿದರು, ಅಷ್ಟೆ. ಇನ್ನೊಂದು ಮಾತು: ಅಲ್ಲಿ ಬೈಗುಳವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಮೈ ಮುಟ್ಟುವವನು ಮೊದಲ ದಿನವೇ ಮುಟ್ಟುವುದಿಲ್ಲ. ಹೆಸರು ಬಿಟ್ಟು 'ಏಯ್' ಎಂದು ಕರೆಯುತ್ತಾನೆ, ಸೀರೆಯ ಬಗ್ಗೆ ಒಂದು ಮಾತಾಡುತ್ತಾನೆ, ತಾಯಿ ತಂಗಿಯರನ್ನು ಎಳೆದು ಬಯ್ಯುತ್ತಾನೆ, ಯಾರೂ ಏನೂ ಅನ್ನುವುದಿಲ್ಲ ಎಂದು ನೋಡಿಕೊಳ್ಳುತ್ತಾನೆ. ಆಮೇಲೆ ಮುಂದಿನದು.

ಕೆಲವು ಸಂಸ್ಥೆಗಳು 'ನಮ್ಮಲ್ಲಿ ಒಂದೂ ದೂರು ಇಲ್ಲ' ಎಂದು ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದ ಬರೆಯುತ್ತವೆ. ಇರಬಹುದು, ಸಂತೋಷ. ಆದರೆ ದಾನಿಯೇಲ ಬರುವ ತನಕ ಬಾಬಿಲೋನಿನಲ್ಲೂ ಆ ಹಿರಿಯರ ಮೇಲೆ ಒಂದೂ ದೂರು ಇದ್ದಂತಿಲ್ಲ.

ನಮ್ಮ ಶಾಲೆ, ಆಸ್ಪತ್ರೆ, ಧರ್ಮಕೇಂದ್ರದ ಕಚೇರಿಗಳ ಮಾತೂ ಬರಲೇಬೇಕು. 2013ರ ಕಾಯ್ದೆಗೆ ಶಿಕ್ಷಣ ಸಂಸ್ಥೆಗಳೂ ಆಸ್ಪತ್ರೆಗಳೂ ಒಳಪಟ್ಟಿವೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೂ 2017ರಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಬಗ್ಗೆ ಮಾರ್ಗಸೂಚಿಯನ್ನು ಹೊರತಂದಿತು. 2019ರಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸರು ಹೊರಡಿಸಿದ ಆದೇಶಪತ್ರದಲ್ಲಿ, ದೌರ್ಜನ್ಯವನ್ನು ವರದಿ ಮಾಡಿದವರ ಮೇಲೆ ಮೌನವನ್ನು ಹೇರಕೂಡದೆಂದು ಸ್ಪಷ್ಟವಾಗಿ ಹೇಳಲಾಯಿತು. ಆ ಮಾತನ್ನು ಬರೆದು ಹೇಳಬೇಕಾಯಿತು ಎಂದರೆ ಹಿಂದೆ ಮೌನವನ್ನು ಹೇರಿದ್ದುಂಟು ಎಂದೇ ಅರ್ಥ. ಗುರುಗಳಿಗೆ, ಧರ್ಮಭಗಿನಿಯರಿಗೆ, ಮುಖ್ಯೋಪಾಧ್ಯಾಯರಿಗೆ ನಮ್ಮ ಜನ ಕೊಡುವ ಗೌರವ ಒಳ್ಳೆಯದೇ. ಆದರೆ ಆ ಗೌರವವೇ ಸಾಕ್ಷಿಯ ಜಾಗದಲ್ಲಿ ಕುಳಿತರೆ ಆಯಾ ಕೆಲಸದ ಹೆಂಗಸೊಬ್ಬಳ ಮಾತು ಯಾರ ಕಿವಿಗೂ ಬೀಳುವುದಿಲ್ಲ. 'ಸಂಸ್ಥೆಯ ಹೆಸರು ಕೆಡುತ್ತದೆ' ಎಂಬ ಮಾತು ಬಂದ ಕಡೆ, ಕೆಡಿಸಿದವರು ಯಾರು ಎಂದು ಧೈರ್ಯವಾಗಿ ಕೇಳಬೇಕು. ದೂರು ಕೊಟ್ಟವಳಂತೂ ಅಲ್ಲ.

ಸುಳ್ಳು ದೂರಿನ ಭಯವನ್ನು ಅನೇಕ ತಂದೆತಾಯಿಗಳು ಎತ್ತುತ್ತಾರೆ. ನಮ್ಮ ಮಗನೂ ಯಾವುದೋ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರಬಹುದಲ್ಲವೇ? ಆ ಭಯಕ್ಕೂ ದಾನಿಯೇಲನ ಕಥೆಯಲ್ಲೇ ಉತ್ತರವಿದೆ: ಆತ ಮೊದಲು ವಿಚಾರಿಸಿದ. ಕಾಯ್ದೆಯೂ ದೂರಿನ ಪ್ರತಿಯನ್ನು ಆಪಾದಿತನಿಗೆ ಕೊಡಬೇಕು, ಇಬ್ಬರ ಮಾತನ್ನೂ ಕೇಳಬೇಕು, 90 ದಿನಗಳಲ್ಲಿ ವಿಚಾರಣೆ ಮುಗಿಸಬೇಕು ಎನ್ನುತ್ತದೆ. ದುರುದ್ದೇಶದಿಂದ ಸುಳ್ಳು ಹೇಳಿದರೆ ಅದಕ್ಕೂ ಕ್ರಮವುಂಟು. ಆದರೆ ರುಜುವಾತು ಸಾಲದೆ ಹೋದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ.

ಇನ್ನು ಮನೆ. ಮಗಳು ಕೆಲಸದಿಂದ ಬಂದು ಮುಖ ಬಾಡಿಸಿಕೊಂಡು ಕುಳಿತು, ಎರಡು ದಿನ ಬಿಟ್ಟು ತಾಯಿಯ ಬಳಿ ಬಾಯಿಬಿಡುತ್ತಾಳೆ. ತಾಯಿ ಏನು ಹೇಳುತ್ತಾಳೆ? 'ಅಪ್ಪನಿಗೆ ಗೊತ್ತಾಗುವುದು ಬೇಡ, ಮದುವೆಯಾಗಬೇಕಾದ ಹುಡುಗಿ.' ಅಪ್ಪನಿಗೆ ಗೊತ್ತಾದರೆ, 'ನಾಳೆಯಿಂದ ಕೆಲಸಕ್ಕೆ ಹೋಗಬೇಡ.' ಇಬ್ಬರದೂ ಪ್ರೀತಿಯೇ, ಸಂದೇಹವಿಲ್ಲ. ಆದರೆ ಕೆಲಸ ಹೋದದ್ದು ಅವಳದು, ಅವನು ಅಲ್ಲಿಯೇ ಇದ್ದಾನೆ, ಅವಳ ಜಾಗಕ್ಕೆ ಇನ್ನೊಬ್ಬರ ಮಗಳು ಬರುತ್ತಾಳೆ. ಘಟನೆ ನಡೆದ ಮೂರು ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆ ನಡೆಯುವಾಗ ಬೇರೆ ವಿಭಾಗಕ್ಕೆ ವರ್ಗವನ್ನೋ ಮೂರು ತಿಂಗಳವರೆಗೆ ರಜೆಯನ್ನೋ ಕೇಳಬಹುದು. ದಿನಾಂಕ, ಸಮಯ, ಆಡಿದ ಮಾತು, ಹತ್ತಿರದಲ್ಲಿದ್ದವರ ಹೆಸರು, ಇವನ್ನು ಅಂದೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಅಪ್ಪ ಅಮ್ಮ ಕೂತು ಸಹಾಯ ಮಾಡಬಹುದು.

ಕಾಯ್ದೆಯಲ್ಲಿ ನಮ್ಮ ಓದುಗರು ಗಮನಿಸದ ಒಂದು ಸಾಲಿದೆ. ಮನೆಗೆಲಸದವಳ ಪಾಲಿಗೆ ನಮ್ಮ ಮನೆಯೂ ಕೆಲಸದ ಸ್ಥಳ. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಯವರಂತೆ ಆಕೆಗೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡುವ ಹಕ್ಕಿದೆ. ಮೇಲ್ನೋಟಕ್ಕೆ ಹುರುಳಿದ್ದರೆ ಸಮಿತಿ ಅದನ್ನು ಏಳು ದಿನಗಳಲ್ಲಿ ಪೊಲೀಸರಿಗೆ ಕಳುಹಿಸಬೇಕು. ಆದರೆ ಬೆಳಿಗ್ಗೆ ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಜಿಲ್ಲಾಧಿಕಾರಿ ಕಚೇರಿ ದೂರ. ಅವಳು ಹೇಳುವುದಾದರೆ ಮೊದಲು ಮನೆಯೊಡತಿಗೇ ಹೇಳಬೇಕು, ಅದೂ ಆ ಮನೆಯ ಗಂಡಸಿನ ಬಗ್ಗೆಯೇ. 'ಅಮ್ಮಾ, ನಿಮ್ಮ ಹತ್ತಿರ ಒಂದು ಮಾತು ಹೇಳಬೇಕಿತ್ತು' ಎಂದು ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಾಗ ಒಡತಿಯು ಕೈಯಲ್ಲಿದ್ದ ಕೆಲಸ ಬಿಟ್ಟು ಕೂರುತ್ತಾಳೋ, ಹೊತ್ತಾಯಿತು ಎಂದು ಒಳಗೆ ಹೋಗುತ್ತಾಳೋ, ಅದು ನಮ್ಮ ಮನೆಗಳಲ್ಲೇ ತೀರ್ಮಾನವಾಗುವ ವಿಷಯ.